ಬೇಸಿಗೆ ನಮಗೂ ಬಂದಿದೆ



ಬಿಸಿಲು ಏರಿದೆ. ಬೆಳಿಗ್ಗೆ ಹತ್ತು ಗಂಟೆಗೇ ನೆಲ ಸುಡುತ್ತದೆ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ರಜ. ಮೇ ತಿಂಗಳ ಕೊನೆಯವರೆಗೂ ಅವು ಮನೆಯಲ್ಲೇ. ರಜ ಅಂದರೆ ಮಕ್ಕಳು ಕುಣೀತಾರೆ. ತಾಯಂದಿರಿಗೆ ಮಾತ್ರ ಕೆಲಸ ಜಾಸ್ತಿ ಆಗುತ್ತದೆ.

ಹೋದ ವಾರ ನಾವು ಇಲ್ಲಿ ಒಂದು ಪ್ರಶ್ನೆ ಕೇಳಿದೆವು. "ಈ ಬೇಸಿಗೆಯಲ್ಲಿ ನಿಮ್ಮ ಖುಷಿಗೆ ಅಂತ ಏನು ಮಾಡ್ತೀರಿ?" ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದೆ ಕೂತಿದ್ದ ಅಜ್ಜಿ ಅಂದರು, "ಹುಣಸೆಹಣ್ಣು ಕುಟ್ತೀನಿ." ಎಲ್ಲರೂ ನಕ್ಕೆವು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ಮಾತೇ ನೆನಪಿಗೆ ಬರುತ್ತಿತ್ತು. ಹುಣಸೆ ಕುಟ್ಟೋದು ಕೂಲಿ. ಖುಷಿಗೆ ಏನು ಅಂದರೂ ಅಜ್ಜಿಗೆ ಕೂಲಿಯೇ ನೆನಪಾಯಿತು.

ಅದಕ್ಕೇ ಈ ದಿನ ಅಕ್ಷರದ ಪಾಠ ಬೇಡ. ಬೇಸಿಗೆಯ ಮಾತು ಆಡೋಣ.

ಮೊದಲು ಮನೆ. ಮನೆ ಚೆಂದ ಮಾಡೋದು ಅಂದರೆ ಪೇಟೆಯಿಂದ ಪ್ಲಾಸ್ಟಿಕ್ ಹೂವು ತರೋದಲ್ಲ. ಬೇಸಿಗೆಯಲ್ಲಿ ಮನೆ ತಂಪಾಗಿದ್ದರೆ ಅದೇ ಚೆಂದ. ನಮ್ಮ ದೊಡ್ಡವರು ಯುಗಾದಿ ಮುಂಚೆ ಗೋಡೆಗೆ ಸುಣ್ಣ ಹೊಡೀತಿದ್ದರು. ಬಾಗಿಲ ಪಕ್ಕ ಕೆಮ್ಮಣ್ಣು ಬಳೀತಿದ್ದರು. ಅದು ಬರೀ ಶಾಸ್ತ್ರ ಅಲ್ಲ. ಬಿಳಿ ಬಣ್ಣ ಬಿಸಿಲನ್ನು ವಾಪಸ್ಸು ಎಸೆಯುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಕುಡಿಯುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಕಪ್ಪು ಬಟ್ಟೆ, ಒಂದು ಬಿಳಿ ಬಟ್ಟೆ ಬಿಸಿಲಲ್ಲಿ ಹರಡಿ. ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ.

ಗೋಡೆಗಿಂತ ಮುಖ್ಯ ಮೇಲ್ಛಾವಣಿ. ನೆತ್ತಿಯ ಸೂರ್ಯ ಹೊಡೆಯೋದು ಅಲ್ಲಿಗೇ. ಆರ್.ಸಿ.ಸಿ. ಮನೆ ಇದ್ದರೆ ತಾರಸಿಗೆ ಎರಡು ಸಲ ಸುಣ್ಣ ಬಳಿಯಿರಿ. ರಾತ್ರಿ ಮಲಗುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಶೀಟಿನ ಮನೆಗೆ ತೆಂಗಿನ ಗರಿ ಹೊದಿಸಬಹುದು. ಆದರೆ ಒಲೆಯ ಹೊಗೆ ಹೋಗುವ ಕಡೆ ಗರಿ ಹಾಕಬೇಡಿ. ಬೇಸಿಗೆಯ ಗರಿಗೆ ಒಂದು ಕಿಡಿ ಸಾಕು.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಕುದಿಯುತ್ತದೆ. ಕೆಳಗೆ ಬೆಂಕಿಯೇ ಇರುವುದಿಲ್ಲ, ಆದರೂ ಕೊತಕೊತ ಅನ್ನುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರಳಿಸಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಹಾರಿದರೆ ಉಜ್ಜಬಾರದು. ತಣ್ಣೀರಿನಿಂದ ಬಹಳ ಹೊತ್ತು ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರೇಷ್ಮೆ ಹುಳ ಸಾಕುವ ಅಕ್ಕಂದಿರಿಗೆ ಇದೆಲ್ಲ ನಾವು ಹೇಳಬೇಕಾಗಿಲ್ಲ. ಹುಳದ ಮನೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತೀರಿ. ಹುಳಕ್ಕೆ ಸೆಕೆ ಆಗಬಾರದು ಅಂತ ಮೂರು ಹೊತ್ತು ನೀರು ಚಿಮುಕಿಸುತ್ತೀರಿ. ನೀವು ಮಲಗುವ ಕೋಣೆಯ ಕಿಟಕಿಗೆ ಯಾರು ಗೋಣಿ ಕಟ್ಟಿದ್ದಾರೆ? ಹುಳಕ್ಕೆ ಮಾಡಿದ್ದನ್ನು ನಿಮಗೂ ಮಾಡಿಕೊಳ್ಳಿ. ಹಳೇ ಹತ್ತಿ ಸೀರೆ ಸಾಕು. ನೀರು ಆರುವಾಗ ಶಾಖವನ್ನು ಎಳಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರೋದೂ ಇದೇ ಕಾರಣಕ್ಕೆ. ಮಡಕೆಯ ಸಣ್ಣ ಸಣ್ಣ ತೂತುಗಳಲ್ಲಿ ನೀರು ಜಿನುಗುತ್ತದೆ, ಗಾಳಿಗೆ ಆರುತ್ತದೆ, ಒಳಗಿನ ನೀರು ತಂಪಾಗುತ್ತದೆ. ಮಡಕೆಗೆ ಪೇಂಟ್ ಬಳಿದು ಚೆಂದ ಮಾಡಬೇಡಿ. ತೂತು ಮುಚ್ಚಿಹೋಗುತ್ತದೆ.

ಈಗ ಬಾಗಿಲಿಗೆ ಬರೋಣ. ಬಾಗಿಲ ಮುಂದೆ ರಂಗೋಲಿ ದಿನಾ ಹಾಕ್ತೀವಿ. ಬಾಗಿಲ ಮೇಲೆ ಏನಿದೆ? ಕೆಲವು ಮನೆಗಳಲ್ಲಿ ಹೆಸರಿನ ಹಲಗೆ ಇದೆ. ಅದರಲ್ಲಿ ಯಜಮಾನರ ಹೆಸರು. ಇರಲಿ, ತಪ್ಪೇನಿಲ್ಲ. ಆದರೆ ಸುಣ್ಣ ಬಳಿಯೋಳು ನೀನು, ಸಾರಿಸೋಳು ನೀನು. ನಿನ್ನ ಹೆಸರು ಎಲ್ಲಿ?

ನಮ್ಮ ಕೇಂದ್ರದ ಒಬ್ಬ ಅಕ್ಕ ಹೋದ ವರ್ಷ ಕೆಮ್ಮಣ್ಣಿನಲ್ಲಿ ತನ್ನ ಹೆಸರನ್ನು ಬಾಗಿಲ ಪಕ್ಕ ಬರೆದಳು. ನಾಲ್ಕೇ ಅಕ್ಷರ. ಗಂಡ ನೋಡಿ, "ಇದೇನು ಊರೆಲ್ಲ ನಗಲಿ ಅಂತಾನಾ?" ಅಂದ. ಎರಡು ದಿನ ಮಾತಿಲ್ಲ. ಮೂರನೇ ದಿನ ಅತ್ತೆ ಎದ್ದು ಬಂದರು. ಅವರು ನಮ್ಮ ಕೇಂದ್ರಕ್ಕೆ ಒಂದು ದಿನವೂ ಬಂದವರಲ್ಲ. "ನನ್ನದೂ ಬರಿ" ಅಂದರು. ಸೊಸೆ ಬರೆದಳು. ಒಂದು ಅಕ್ಷರಕ್ಕೆ ಒತ್ತು ಬಿಟ್ಟು ಹೋಗಿತ್ತು. ನಾವು ಆ ಮನೆಗೆ ಹೋದಾಗ ನೋಡಿದೆವು. ತಿದ್ದೋಣ ಅಂತ ಮನಸ್ಸಾಯಿತು, ತಿದ್ದಲಿಲ್ಲ. ಆಮೇಲೆ ಆಕೆಯೇ ಕಂಡುಹಿಡಿದು ಒತ್ತು ಸೇರಿಸಿದಳು. ಮಳೆಗೆ ಎರಡೂ ಹೆಸರು ಅಳಿಸಿಹೋದವು. ಈ ಸಲ ಮತ್ತೆ ಬರೀತಾರಂತೆ, ಪೇಂಟಿನಲ್ಲಿ.

ಇನ್ನು ಬೆಳಗಿನ ನಡಿಗೆ. "ದಿನವೆಲ್ಲ ನಡೀತೀವಿ, ಮತ್ತೆ ನಡಿಗೆಯಾ?" ಅಂತೀರಿ. ನೀರಿಗೆ ನಡಿಗೆ, ಮೇವಿಗೆ ನಡಿಗೆ, ಡೈರಿಗೆ ನಡಿಗೆ. ಆ ನಡಿಗೆಯಲ್ಲಿ ತಲೆ ಮೇಲೆ ಹೊರೆ, ಕಣ್ಣು ನೆಲದ ಮೇಲೆ. ಒಂದು ದಿನ ಬರಿಗೈಯಲ್ಲಿ ನಡೆಯಿರಿ. ಮಕ್ಕಳ ಕೈ ಹಿಡಿದು, ಡೈರಿಗೆ ಹಾಲು ಹಾಕಿದ ಮೇಲೆ, ಎಂಟು ಗಂಟೆ ಒಳಗೆ.

ನೋಡೋದಕ್ಕೆ ಬೇಕಾದಷ್ಟಿದೆ. ಹೊಂಗೆ ಮರ ಎಲೆ ಉದುರಿಸಿ ಈಗ ಹೊಸ ಎಲೆ ಬಿಟ್ಟಿರುತ್ತದೆ. ಎಲ್ಲ ಒಣಗುವ ಕಾಲದಲ್ಲಿ ಅದು ಮಾತ್ರ ಹಸಿರು. ಅದಕ್ಕೇ ಹೊಂಗೆಯ ನೆರಳು ಅಂದರೆ ಅಷ್ಟು ಪ್ರೀತಿ. ಅದರ ಬೀಜದ ಎಣ್ಣೆಯಲ್ಲಿ ಹಿಂದೆ ದೀಪ ಹಚ್ಚುತ್ತಿದ್ದರು. ಕಕ್ಕೆ ಮರದಲ್ಲಿ ಹಳದಿ ಹೂವು ಗೊಂಚಲು ಗೊಂಚಲಾಗಿ ತೂಗುತ್ತದೆ. ನೀಲಗಿರಿ ತೋಪಿನ ಕೆಳಗೂ ಒಮ್ಮೆ ನೋಡಿ. ಹುಲ್ಲು ಎಷ್ಟು ಕಡಿಮೆ! ನಮ್ಮ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ 2017ರಲ್ಲಿ ಸರ್ಕಾರ ಆದೇಶ ಮಾಡಿತು.

ಕೋಗಿಲೆ ಕೂಗು ಕೇಳಿದರೆ ನಿಲ್ಲಿ. ಕುಹೂ ಕುಹೂ ಅಂತ ಹಾಡೋದು ಗಂಡು. ಅದು ಕಪ್ಪು, ಕಣ್ಣು ಕೆಂಪು. ಹೆಣ್ಣು ಕೋಗಿಲೆ ಕಂದು ಬಣ್ಣ, ಮೈಮೇಲೆ ಬಿಳಿ ಚುಕ್ಕಿ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಸಾಕುವ ಕೆಲಸ ಕಾಗೆಗೆ. ಇದನ್ನು ಹೇಳಿದಾಗ ಒಬ್ಬ ಅಮ್ಮ, "ಜಾಣೆ!" ಅಂದರು. ಕಾಗೆಯ ಪಕ್ಷ ಯಾರೂ ವಹಿಸಲಿಲ್ಲ.

ಎರಡು ಜಾಗಕ್ಕೆ ಮಾತ್ರ ಬೇಡ. ಒಂದು, ಕಾಡಿನ ಅಂಚು. ಕಾಮಸಮುದ್ರದ ಕಡೆ ಕಾಡಿಗೆ ಆನೆ ಬರುತ್ತವೆ, ನಿಮಗೇ ಗೊತ್ತು. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಆ ಕಡೆ ಹೋಗಬೇಡಿ. ಇನ್ನೊಂದು, ಕೆ.ಜಿ.ಎಫ್.ನ ಸೈನೈಡ್ ದಿಬ್ಬ. ಚಿನ್ನದ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ ಅದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಶಿ ಹಾಗೇ ಉಳಿಯಿತು. ಸಿನಿಮಾದಲ್ಲಿ ನೋಡಿದ ಮಕ್ಕಳು ಅಲ್ಲಿಗೆ ಹೋಗೋಣ ಅಂತ ಹಟ ಮಾಡ್ತಾರೆ. ಬೇಸಿಗೆ ಗಾಳಿಗೆ ಆ ಧೂಳು ಏಳುತ್ತದೆ. ಅದು ಮೂಗಿಗೆ, ಎದೆಗೆ ಒಳ್ಳೇದಲ್ಲ. ದೂರದಿಂದ ತೋರಿಸಿ, ಸಾಕು.

ಕೊನೆಗೆ ಭಾನುವಾರದ ಪ್ರಯಾಣ. ಇದನ್ನು ಸ್ವಲ್ಪ ಜಾಸ್ತಿ ಮಾತಾಡೋಣ. ಯಾಕೆಂದರೆ ನಮ್ಮಲ್ಲಿ ಬಹಳ ಜನ ಬಂಗಾರಪೇಟೆ ಬಿಟ್ಟು ಆಚೆಗೆ ಆಸ್ಪತ್ರೆಗೋ ಮದುವೆಗೋ ಮಾತ್ರ ಹೋದವರು. ಬರೀ ನೋಡೋದಕ್ಕೆ ಅಂತ ಹೋಗಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಬೇಕು. ದುಡ್ಡಿಲ್ಲ ಅಂದರೂ ಟಿಕೆಟ್ ಕೇಳಿ ಪಡೀಬೇಕು. ಅದರಲ್ಲಿ ಸೊನ್ನೆ ಅಂತ ಇರುತ್ತದೆ, ಓದಿ ನೋಡಿ. ಖಾಸಗಿ ಬಸ್ಸಿಗೆ ಇದು ನಡೆಯೋದಿಲ್ಲ. ಅದಕ್ಕೇ ಹತ್ತುವ ಮುಂಚೆ ಬಸ್ಸು ಯಾರದು, ಎಲ್ಲಿಗೆ ಹೋಗುತ್ತದೆ, ಎರಡೂ ಓದಬೇಕು.

ಓದಬೇಕು ಅಂದಾಗ ಒಂದು ಕಥೆ ನೆನಪಾಯಿತು. ನಿಜವಾಗಿ ನಡೆದದ್ದು. ನಮ್ಮ ಒಬ್ಬ ತಂಗಿ ಆಗಷ್ಟೇ ಅಕ್ಷರ ಕಲಿತಿದ್ದಳು. ಬಂಗಾರಪೇಟೆಗೆ ಹೋಗಬೇಕಿತ್ತು. ಬಸ್ಸು ಬಂತು. "ಬಂ", "ಗಾ" ಅಂತ ಓದಿದಳು. "ಬಂಗಾರ! ಸಾಕು" ಅಂತ ಹತ್ತಿ ಕೂತಳು. ಯಾರನ್ನೂ ಕೇಳಲಿಲ್ಲ. ತಾನೇ ಓದಿದ್ದೇನೆ ಅನ್ನೋ ಹೆಮ್ಮೆ. ಬಸ್ಸು ಬೇತಮಂಗಲ ದಾಟಿತು. ಆಗ ಎದೆ ಹೊಡಕೊಂಡಿತು. ಬಸ್ಸು ಹೋಗುತ್ತಿದ್ದದ್ದು ಬಂಗಾರು ತಿರುಪತಿಗೆ! ಬಂಗಾರಪೇಟೆಯಲ್ಲಿ "ರ". ಬಂಗಾರು ತಿರುಪತಿಯಲ್ಲಿ "ರು". ಒಂದು ಕೊಂಬಿನ ವ್ಯತ್ಯಾಸ.

ಇಳಿದು, ನಾಚಿಕೆಯಿಂದ ಮುಂದಿನ ಬಸ್ಸಿಗೆ ವಾಪಸ್ಸು ಬಂದಳು. ಬೆಟ್ಟದ ವೆಂಕಟರಮಣನನ್ನೂ ನೋಡಲಿಲ್ಲ. ಮನೆಯಲ್ಲಿ ಬೈಗುಳ: "ನಿನ್ನ ಓದು ಇಷ್ಟೇ." ಆಕೆ ಒಂದು ತಿಂಗಳು ಕೇಂದ್ರಕ್ಕೆ ಬರಲಿಲ್ಲ. ನಾವು ಮೂರು ಸಲ ಮನೆಗೆ ಹೋಗಿ ಕರೆದೆವು. ನಾಲ್ಕನೇ ಸಲ ಬಂದಳು. ತಪ್ಪು ಆಕೆಯದು ಮಾತ್ರ ಅಲ್ಲ. ಹಲಗೆಯನ್ನು ಕೊನೆಯ ಅಕ್ಷರದವರೆಗೂ ಓದಬೇಕು ಅಂತ ನಾವೇ ಹೇಳಿಕೊಟ್ಟಿರಲಿಲ್ಲ.

ಎಲ್ಲಿಗೆ ಹೋಗಬಹುದು? ಕಮ್ಮಸಂದ್ರದ ಕೋಟಿಲಿಂಗ ಇದೆ. ಅಲ್ಲಿನ ದೊಡ್ಡ ಲಿಂಗ 108 ಅಡಿ ಎತ್ತರ. ಮಕ್ಕಳಿಗೆ ಅಲ್ಲಿ ಸಣ್ಣ ಲಿಂಗ ಎಣಿಸೋದೇ ಆಟ. ಬೂದಿಕೋಟೆ ಇದೆ. ಹೈದರಾಲಿ ಹುಟ್ಟಿದ ಊರು ಅಂತಾರೆ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟ ಇದೆ. ಸೀತಮ್ಮ ಲವ ಕುಶರನ್ನು ಹೆತ್ತದ್ದು ಅಲ್ಲೇ ಅಂತ ಜನ ನಂಬುತ್ತಾರೆ. ಬೆಟ್ಟದ ಮೇಲೆ ಸೀತೆಗೇ ಗುಡಿ ಇದೆ. ರಾಮನ ಗುಡಿ ಊರೂರಲ್ಲಿದೆ, ಸೀತೆಗೆ ಗುಡಿ ಎಷ್ಟು ಕಡೆ ನೋಡಿದ್ದೀರಿ? ಬೆಟ್ಟದ ಕೆಳಗೆ ನೊಳಂಬ ರಾಜರ ಕಾಲದ ಕಲ್ಲಿನ ಗುಡಿಗಳಿವೆ. ಸಾವಿರ ವರ್ಷದ ಹಳೆಯವು.

ಬೇತಮಂಗಲದ ಕೆರೆ ಅಂತೂ ನೋಡಲೇಬೇಕು. ಅದು ಪಾಲಾರ್ ನದಿಗೆ ಕಟ್ಟಿದ ಕೆರೆ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಅಲ್ಲಿಂದ ಹೋಗುತ್ತಿತ್ತು. ಪಾಲಾರ್ ನಮ್ಮಲ್ಲಿ 93 ಕಿಲೋಮೀಟರ್ ಮಾತ್ರ ಹರಿಯುತ್ತದೆ. ಆಮೇಲೆ ಆಂಧ್ರ, ಆಮೇಲೆ ತಮಿಳುನಾಡು, ಆಮೇಲೆ ಸಮುದ್ರ. ನಾವೂ ಹಾಗೇ ಅಲ್ಲವೇ? ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ಇಲ್ಲಿ ಕನ್ನಡ.

ದೂರ ಹೋಗೋಕೆ ಆಗದವರು ನಮ್ಮ ಊರನ್ನೇ ನೋಡಿ. 1947ರಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು ಕೆ. ಸಿ. ರೆಡ್ಡಿ. ಅವರು ಹುಟ್ಟಿದ್ದು 1902ರಲ್ಲಿ. ಆ "ಕೆ" ಅಂದರೆ ಏನು ಅಂತ ಮಕ್ಕಳನ್ನು ಕೇಳಿ. ಕ್ಯಾಸಂಬಳ್ಳಿ! ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ.

"ಮನೆಯಲ್ಲಿ ಬಿಡಬೇಕಲ್ಲ?" ಅಂತ ನಿಮ್ಮ ಮುಖವೇ ಹೇಳುತ್ತಿದೆ. ಒಬ್ಬರೇ ಕೇಳಿದರೆ ಬಿಡೋದಿಲ್ಲ. ಹನ್ನೆರಡು ಜನ ಒಟ್ಟಿಗೆ ಹೋಗ್ತೀವಿ ಅಂದರೆ ಬಿಡ್ತಾರೆ. ಅತ್ತೆಯನ್ನೂ ಕರೆಯಿರಿ. ಬೆಳಿಗ್ಗೆ ಹಾಲು ಹಾಕಿ ಹೊರಟು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಬರೋಣ. ಹಸು ಒಂದು ಹೊತ್ತು ಕೂಡ ಬಿಡೋದಿಲ್ಲ, ಅದು ನಮಗೂ ಗೊತ್ತು. ಮಧ್ಯಾಹ್ನ ಒಂದು ಹೊತ್ತು ಮೇವು ಹಾಕೋದನ್ನು ಗಂಡಸರು ಕಲಿಯಲಿ. ಅದಕ್ಕೆ ಪುಸ್ತಕ ಬೇಕಾಗಿಲ್ಲ.

ಬುತ್ತಿಗೆ ಚಿತ್ರಾನ್ನ ಒಳ್ಳೇದು. ಮೊಸರನ್ನ ಸೆಕೆಗೆ ಹುಳಿಯಾಗುತ್ತದೆ. ಮನೆಯಿಂದಲೇ ನೀರು ತನ್ನಿ. ಹನ್ನೆರಡರಿಂದ ಮೂರು ಗಂಟೆವರೆಗೆ ನೆರಳಲ್ಲೇ ಕೂರೋಣ. ಯಾರಿಗಾದರೂ ವಾಂತಿ ಭೇದಿ ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಈ ಅಳತೆಯನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಈಗಲೇ ಬರೆದುಕೊಳ್ಳಿ.

ಬರುವ ಭಾನುವಾರ ಮೊದಲ ಪ್ರಯಾಣ. ಎಲ್ಲಿಗೆ ಅಂತ ನಾವು ಕೇಳಿದಾಗ ಆ ತಂಗಿಯೇ ಕೈ ಎತ್ತಿದಳು. "ಬಂಗಾರು ತಿರುಪತಿಗೆ" ಅಂದಳು. "ಆವತ್ತು ತಪ್ಪಿ ಹೋಗಿದ್ದೆ. ಈ ಸಲ ಬೇಕಂತಲೇ ಹೋಗ್ತೀನಿ." ಬರುವಾಗ ಬೇತಮಂಗಲದ ಕೆರೆ ನೋಡಿಕೊಂಡು ಬರೋಣ. ಹುಣಸೆ ಕುಟ್ಟುವ ಅಜ್ಜಿಯೂ ಬರ್ತೀನಿ ಅಂದಿದ್ದಾರೆ.

ಬೆಳಿಗ್ಗೆ ಏಳು ಗಂಟೆಗೆ ಬಸ್ಸು ನಿಲ್ಲುವ ಜಾಗದಲ್ಲಿ ಸೇರೋಣ. ಆಧಾರ್ ಚೀಟಿ ಮರೆಯಬೇಡಿ. ಬಸ್ಸಿನ ಹಲಗೆ ಓದುವ ಕೆಲಸ ಆ ತಂಗಿಯದು. ಉಳಿದವರು ಯಾರೂ ಮೊದಲೇ ಹೇಳಿಬಿಡಬಾರದು.