ಮುಯ್ಯಿ ಮತ್ತು ವ್ಯಾಪಾರ: ಸುದ್ದಿ ಕೊಡುವವರು, ಸುದ್ದಿ ಬರೆಯುವವರು

(ಪ್ರಚಾರ ಕಾರ್ಯದಲ್ಲಿ ತೊಡಗಿದವರು ಮತ್ತು ಪತ್ರಕರ್ತರು ಸೇರಿದ್ದ ಕೋಲಾರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೋಲಾರ ಸೀಮೆಯ ಮದುವೆ ಮನೆಗಳಲ್ಲಿ ಧಾರೆ ಮುಗಿದ ಮೇಲೆ ಒಬ್ಬರು ಪುಸ್ತಕ ಹಿಡಿದು ಕೂರುವ ಪದ್ಧತಿ ಇದೆ. ಬಂದ ನೆಂಟರಿಷ್ಟರು ಕೊಟ್ಟ ಹಣವನ್ನು ಹೆಸರು, ಊರು ಸಮೇತ ಬರೆದುಕೊಂಡು ಗಟ್ಟಿಯಾಗಿ ಓದಲಾಗುತ್ತದೆ. ಇದೇ ಮುಯ್ಯಿ. ಹಣ ಕೊಡುವುದಕ್ಕೆ 'ಓದಿಸುವುದು' ಎಂದೇ ಹೆಸರು. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮಾತಿನ ಮನೆಗಳಲ್ಲಿ ಇದು 'ಚದಿವಿಂಪುಲು'. ಅದರ ಅರ್ಥವೂ ಓದಿಸುವುದೇ. ಇಂದು ಕೊಟ್ಟವರ ಮನೆಯಲ್ಲಿ ನಾಳೆ ಮದುವೆಯಾದಾಗ ಪಡೆದವರು ಹೋಗಿ ಓದಿಸಬೇಕು. ಹೊಲದ ಕೆಲಸದಲ್ಲಿಯೂ ಹೀಗೆಯೇ. ರಾಗಿ ಕೊಯ್ಲಿಗೆ ಈ ಮನೆಯವರು ಆ ಮನೆಗೆ, ಆ ಮನೆಯವರು ಈ ಮನೆಗೆ ಹೋಗಿ ದುಡಿಯುವುದಕ್ಕೆ ಮುಯ್ಯಾಳು ಎನ್ನುತ್ತಾರೆ. ಸಂಜೆಗೆ ದುಡ್ಡು ಎಣಿಸಿ ಕೊಟ್ಟರೆ ಅದು ಕೂಲಿ; ಅಲ್ಲಿಗೆ ಲೆಕ್ಕ ಮುಗಿಯಿತು. ಮುಯ್ಯಿಯಲ್ಲಿ ಲೆಕ್ಕ ಮುಗಿಯುವುದಿಲ್ಲ, ಆದ್ದರಿಂದಲೇ ಸಂಬಂಧ ಉಳಿಯುತ್ತದೆ.

ಪ್ರಚಾರದ ಕೆಲಸ ಮಾಡುವವರಿಗೂ ಪತ್ರಕರ್ತರಿಗೂ ಇರುವ ಸಂಬಂಧವನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಮಾತುಗಳು ಸಾಕು. ಒಬ್ಬರ ಬಳಿ ಸುದ್ದಿ ಇದೆ, ಇನ್ನೊಬ್ಬರ ಬಳಿ ಅದನ್ನು ಜನಕ್ಕೆ ಮುಟ್ಟಿಸುವ ಸಾಧನವಿದೆ. ಇಬ್ಬರಿಗೂ ಪರಸ್ಪರ ಅಗತ್ಯವಿದೆ. ಈ ಕೊಡು–ಕೊಳ್ಳುವಿಕೆ ವ್ಯಾಪಾರವೇ ಅಥವಾ ಮುಯ್ಯಿಯೇ ಎಂಬುದು ಪ್ರಶ್ನೆ.

ವ್ಯಾಪಾರವೆಂದರೆ ಕೆಟ್ಟದ್ದು, ಮುಯ್ಯಿ ಎಂದರೆ ಒಳ್ಳೆಯದು ಎಂದು ಅವಸರದಲ್ಲಿ ತೀರ್ಮಾನಿಸಬೇಕಾಗಿಲ್ಲ. ಜಾಹೀರಾತು ಶುದ್ಧ ವ್ಯಾಪಾರ. ಇಷ್ಟು ಜಾಗಕ್ಕೆ ಇಷ್ಟು ಹಣ ಎಂದು ಗೊತ್ತಿದೆ. ಓದುಗನೂ ಅದನ್ನು ಜಾಹೀರಾತೆಂದೇ ಓದುತ್ತಾನೆ. ಅದರಲ್ಲಿ ಮೋಸವಿಲ್ಲ. ಮೋಸ ಆರಂಭವಾಗುವುದು ಕೊಂಡ ಸರಕು ಸುದ್ದಿಯ ವೇಷದಲ್ಲಿ ಬಂದಾಗ. ಮುಯ್ಯಿಯನ್ನು ಎಲ್ಲರೆದುರು ಓದುತ್ತಾರೆ. ಪತ್ರಿಕಾಗೋಷ್ಠಿಯ ಬಾಗಿಲಲ್ಲಿ ಕೈಗೆ ಬರುವ ಕವರನ್ನು ಯಾರೂ ಓದುವುದಿಲ್ಲ. ವ್ಯತ್ಯಾಸ ತಿಳಿಯಲು ಇದೊಂದು ಸರಳವಾದ ಪರೀಕ್ಷೆ.

ಈ ಪರೀಕ್ಷೆಗೆ ಜಿಲ್ಲೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ನಾಡು ಈಗ ಕವಿಯೆಂದು, ತತ್ತ್ವಚಿಂತಕರೆಂದು ನೆನೆಯುತ್ತದೆ. ಅವರ ವೃತ್ತಿ ಮಾತ್ರ ಪತ್ರಿಕೋದ್ಯಮ. ಮೆಟ್ರಿಕ್ಯುಲೇಷನ್ ದಾಟದ ಆ ತರುಣ ಬೆಂಗಳೂರಿಗೆ ಬಂದು ಪತ್ರಿಕೆಗಳ ಬಾಗಿಲು ತಟ್ಟಿದ ಕಾಲ ಪತ್ರಿಕೆಗಳಿಗೆ ಒಳ್ಳೆಯ ಕಾಲವಾಗಿರಲಿಲ್ಲ. ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, 1908ರಲ್ಲಿ, ಮೈಸೂರು ಸರ್ಕಾರ ಪತ್ರಿಕಾ ನಿರ್ಬಂಧ ಕಾಯಿದೆಯನ್ನು ತಂದಿತು. ತಾತಯ್ಯನೆಂದು ಜನ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ನಾಲ್ಕು ವರ್ಷಗಳ ನಂತರ ವಿಶ್ವೇಶ್ವರಯ್ಯನವರು ದಿವಾನರಾದರು. ಮರುವರ್ಷ, 1913ರಲ್ಲಿ, ಡಿವಿಜಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ದಿವಾನರಿಗೆ ಕೈಗಾರಿಕೆ, ಶಿಕ್ಷಣ, ನೀರಾವರಿಯ ತಮ್ಮ ಯೋಜನೆಗಳು ಜನಕ್ಕೆ ತಿಳಿಯಬೇಕಾಗಿತ್ತು. ಸಂಪಾದಕರಿಗೆ ರಾಜ್ಯದ ವಿಚಾರಗಳು ಬೇಕಾಗಿದ್ದವು. ಇಬ್ಬರಲ್ಲಿ ಸ್ನೇಹ ಬೆಳೆಯಿತು. ದಸರೆಯ ವರದಿಗೆ ಹೋದ ಪತ್ರಕರ್ತರಿಗೆ ಸರ್ಕಾರದಿಂದ ಬರುತ್ತಿದ್ದ ಹಣವನ್ನು ಡಿವಿಜಿ ಹಿಂದಿರುಗಿಸಿದರೆಂಬ ಪ್ರಸಂಗ ಅವರ ಬಗ್ಗೆ ಹೇಳುವ ಕಥೆಗಳಲ್ಲಿ ಪ್ರಸಿದ್ಧವಾದುದು. ಸರ್ಕಾರ ಕೊಟ್ಟ ಚೆಕ್ಕುಗಳು ನಗದಾಗದೆ ಅವರ ಪೆಟ್ಟಿಗೆಯಲ್ಲಿಯೇ ಉಳಿದಿದ್ದವು ಎಂಬ ಮಾತೂ ಚಾಲ್ತಿಯಲ್ಲಿದೆ.

ಈ ಕಥೆಗಳನ್ನು ಕೇಳಿದವರು ಸಾಮಾನ್ಯವಾಗಿ ಹಣ ನಿರಾಕರಿಸಿದ ತ್ಯಾಗವನ್ನು ಮೆಚ್ಚುತ್ತಾರೆ. ಅದಕ್ಕಿಂತ ಮುಖ್ಯವಾದುದು ಬೇರೆ ಇದೆ. ಡಿವಿಜಿ ಹಣವನ್ನು ದೂರವಿಟ್ಟರು, ಸ್ನೇಹವನ್ನು ದೂರವಿಡಲಿಲ್ಲ. ಆಡಳಿತದಲ್ಲಿದ್ದವರ ಜೊತೆ ಮಾತು, ಚರ್ಚೆ, ಪರಸ್ಪರ ಗೌರವ ಎಲ್ಲವೂ ಇದ್ದವು. ಆ ಒಡನಾಟದ ಫಲವೆಂಬಂತೆ ಅವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಮೈಸೂರಿನ ದಿವಾನರ ಚಿತ್ರಗಳು ಉಳಿದುಕೊಂಡಿವೆ. ಅಧಿಕಾರಿಯ ಮುಖ ನೋಡದಿರುವುದೇ ಪ್ರಾಮಾಣಿಕತೆ ಎಂದು ಅವರು ಭಾವಿಸಲಿಲ್ಲ. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ವೃತ್ತಪತ್ರಿಕೆ' ಎಂಬ ಗ್ರಂಥವನ್ನು ಬರೆದರು. 1970ರಲ್ಲಿ ಸನ್ಮಾನದಲ್ಲಿ ಬಂದ 90,000 ರೂಪಾಯಿಗಳನ್ನು ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಸಾರ್ವಜನಿಕರಿಂದ ಬಂದದ್ದು ಸಾರ್ವಜನಿಕರಿಗೇ ಸಂದಿತು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎರಡೂ ದಡಗಳನ್ನು ಕಂಡವರು. ಮೈಸೂರು ಸರ್ಕಾರದ ಉನ್ನತ ಅಧಿಕಾರಿಯಾಗಿದ್ದು 1943ರಲ್ಲಿ ರಾಜೀನಾಮೆ ಕೊಟ್ಟ ಅವರು 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯ ಸಂಪಾದಕರಾಗಿದ್ದರು. ಅಧಿಕಾರಿಯ ಕುರ್ಚಿಗೂ ಸಂಪಾದಕನ ಕುರ್ಚಿಗೂ ಬೇರೆ ಬೇರೆ ಧರ್ಮಗಳಿವೆ ಎಂಬುದನ್ನು ಇಂಥ ಜೀವನಗಳಿಂದ ತಿಳಿಯಬಹುದು.

ಇನ್ನು ಪ್ರಚಾರದ ಕಡೆಯ ಚರಿತ್ರೆ. ಅಮೆರಿಕದ ಐವಿ ಲೀ ಎಂಬಾತ 1906ರಲ್ಲಿ ಪತ್ರಿಕೆಗಳಿಗೆ ಒಂದು ಘೋಷಣೆಯನ್ನು ಕಳುಹಿಸಿದ. ತನ್ನ ಕೆಲಸ ಮುಚ್ಚುಮರೆಯದಲ್ಲ, ಕೊಡುವ ಮಾಹಿತಿ ನಿಖರವಾಗಿರುತ್ತದೆ, ಪತ್ರಕರ್ತರು ಪರಿಶೀಲಿಸಬಯಸಿದರೆ ನೆರವಾಗುತ್ತೇನೆ ಎಂಬುದು ಅದರ ಸಾರ. ಅದೇ ವರ್ಷ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಅಪಘಾತವಾದಾಗ ಸುದ್ದಿಯನ್ನು ಅಡಗಿಸದೆ ವರದಿಗಾರರನ್ನು ಸ್ಥಳಕ್ಕೆ ಕರೆದೊಯ್ದ. ಇಂದಿನ ಪತ್ರಿಕಾ ಪ್ರಕಟಣೆಯ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. ಆದರೆ 1914ರಲ್ಲಿ, ಕೊಲೊರಾಡೊದ ಲಡ್ಲೋ ಗಣಿ ಕಾರ್ಮಿಕರ ಹತ್ಯೆಯ ನಂತರ, ಇದೇ ಲೀ ಮಾಲೀಕರ ಪರವಾಗಿ ಹಂಚಿದ ಪತ್ರಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಇಲ್ಲದಷ್ಟು ಹೆಚ್ಚಿಸಿ ತೋರಿಸಲಾಗಿತ್ತು. ಎಂಟು ವರ್ಷಗಳಲ್ಲಿ ಸಂಪಾದಿಸಿದ್ದ ನಂಬಿಕೆ ಒಂದು ಅಂಕಿಯಲ್ಲಿ ಹೋಯಿತು. ಪ್ರಚಾರದವನ ಬಂಡವಾಳ ನಂಬಿಕೆಯೊಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅಂಕಿಯ ಮಾತು ಬಂದಾಗ ನರಸಾಪುರವನ್ನು ನೆನೆಯಬೇಕು. ಕೋಲಾರ ತಾಲ್ಲೂಕಿನ ಆ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದಾಂಧಲೆಯಾಯಿತು. ಕಂಪನಿಯ ದೂರಿನಲ್ಲಿ ನಷ್ಟ ಸುಮಾರು 437 ಕೋಟಿ ರೂಪಾಯಿ ಎಂದಿತ್ತು. ಮರುದಿನಗಳಲ್ಲಿ ದೇಶದ ಪತ್ರಿಕೆಗಳ ತಲೆಬರಹದಲ್ಲಿ ಇದೇ ಅಂಕಿ. ಕೆಲವೇ ದಿನಗಳಲ್ಲಿ ಕಂಪನಿ ತನ್ನ ಷೇರುಪೇಟೆಗೆ ಕೊಟ್ಟ ಅಂದಾಜು 26ರಿಂದ 52 ಕೋಟಿಯಷ್ಟಕ್ಕೆ ಇಳಿಯಿತು. ಡಿಸೆಂಬರ್ 19ರಂದು, ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಿಕ್ಕಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು; ಭಾರತದ ವ್ಯವಹಾರ ನೋಡುತ್ತಿದ್ದ ಹಿರಿಯ ಅಧಿಕಾರಿಯೊಬ್ಬರನ್ನು ತೆಗೆದುಹಾಕಿತು. ಆ ಹೊತ್ತಿಗೆ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಗಿತ್ತು. ಕಾರ್ಖಾನೆ ಈಗ ಟಾಟಾ ಸಮೂಹದ ಕೈಯಲ್ಲಿದೆ.

ಆಸ್ತಿ ಒಡೆದದ್ದು ತಪ್ಪಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ದಾಂಧಲೆಗೆ ಮುಂಚಿನ ತಿಂಗಳುಗಳಲ್ಲಿ ಗುತ್ತಿಗೆ ಕಾರ್ಮಿಕರ ಸಂಬಳದ ಚೀಟಿ ಯಾರ ಕಣ್ಣಿಗೆ ಬೀಳಬೇಕಾಗಿತ್ತು? ದೊಡ್ಡ ಕಾರ್ಖಾನೆ ಬಂದಾಗ ಉದ್ಘಾಟನೆಯ ಸುದ್ದಿ, ಉದ್ಯೋಗದ ಸಂಖ್ಯೆ, ಬಂಡವಾಳದ ಮೊತ್ತ ಪ್ರಕಟಣೆಯ ರೂಪದಲ್ಲಿ ತಾವಾಗಿಯೇ ಪತ್ರಿಕೆಗೆ ಬರುತ್ತವೆ. ಬಸ್ಸಿನಿಂದಿಳಿದು ರಾತ್ರಿ ಪಾಳಿಗೆ ನಡೆಯುವ ಹುಡುಗನ ಮಾತು ಬರುವುದಿಲ್ಲ. ಅವನಿಗೆ ಸಂಪರ್ಕಾಧಿಕಾರಿ ಇಲ್ಲ. ಪ್ರಕಟಣೆಯನ್ನು ಪಡೆದು ಅಚ್ಚುಹಾಕುವ ಸಂಬಂಧದಲ್ಲಿ ಅವನು ಎಲ್ಲಿಯೂ ಸೇರುವುದಿಲ್ಲ. ಪತ್ರಕರ್ತನಿಗೂ ಕಂಪನಿಯ ಪ್ರತಿನಿಧಿಗೂ ನಿಜವಾದ ವಿಶ್ವಾಸವಿದ್ದಲ್ಲಿ 'ಸಂಬಳದ ಬಗ್ಗೆ ದೂರುಗಳಿವೆಯಲ್ಲ' ಎಂದು ಮೊದಲೇ ಕೇಳಬಹುದು. ಆ ಪ್ರತಿನಿಧಿ ಅದನ್ನು ಮಾಲೀಕರಿಗೆ ಮುಟ್ಟಿಸಬಹುದು. ಇಂಥ ಮಾತಿಗೆ ಅವಕಾಶವಿದ್ದರೆ ಕಂಪನಿಗೂ ಉಪಕಾರವೇ.

ಇಲ್ಲಿಗೆ ಮುಯ್ಯಿಯ ಇನ್ನೊಂದು ಮುಖ ಬರುತ್ತದೆ. ಕವರನ್ನು ಹಿಂದಿರುಗಿಸುವುದು ಸುಲಭ, ಉಪಕಾರವನ್ನು ಹಿಂದಿರುಗಿಸುವುದು ಕಷ್ಟ. ಮಗುವಿಗೆ ಶಾಲೆಯಲ್ಲಿ ಸೀಟು, ಆಸ್ಪತ್ರೆಯಲ್ಲಿ ಹಾಸಿಗೆ, ಕಚೇರಿಯಲ್ಲಿ ಆಗಬೇಕಾದ ಒಂದು ಸಹಿ. ಇವುಗಳಿಗೆ ನೆರವಾದವರ ವಿರುದ್ಧ ಬರೆಯಲು ಪೆನ್ನು ಏಳುವುದಿಲ್ಲ. 'ಮುಯ್ಯಿಗೆ ಮುಯ್ಯಿ' ಎಂಬ ಮಾತಿಗೆ ಕನ್ನಡದಲ್ಲಿ ಸೇಡಿನ ಅರ್ಥವೂ ಇರುವುದು ಸುಮ್ಮನಲ್ಲ. ಸ್ನೇಹದ ಲೆಕ್ಕ ಹಣದ ಲೆಕ್ಕಕ್ಕಿಂತ ಭಾರವಾಗಬಲ್ಲದು.

ಹಾಗಾದರೆ ದಾರಿ ಯಾವುದು? ಮುಯ್ಯಿಗೆ ಹಳ್ಳಿಯಲ್ಲಿ ಹೇಳದೆಯೇ ಇರುವ ಒಂದು ಕಟ್ಟಳೆಯುಂಟು. ಮುಯ್ಯಿಯನ್ನು ತೀರಿಸುವವನು ತನ್ನ ಕಣಜದಿಂದ ತೀರಿಸಬೇಕು, ಪಕ್ಕದ ಮನೆಯ ಕಣಜದಿಂದಲ್ಲ. ಪತ್ರಕರ್ತನ ಸ್ವಂತ ಸೊತ್ತೆಂದರೆ ಅವನ ಸಮಯ, ಶ್ರದ್ಧೆ, ತಾಳ್ಮೆ, ಮರ್ಯಾದೆ. ಇವುಗಳನ್ನು ಪ್ರಚಾರದವರಿಗೆ ಧಾರಾಳವಾಗಿ ಕೊಡಬಹುದು. ಆದರೆ ಪತ್ರಿಕೆಯ ಪುಟ ಅವನದಲ್ಲ, ಮಾಲೀಕನದೂ ಪೂರ್ತಿಯಾಗಿ ಅಲ್ಲ. ಅದು ಕಾಸು ಕೊಟ್ಟು ನಂಬಿ ಓದುವವನದು. ಹಾಗೆಯೇ ಇಲಾಖೆಯ ಮಾಹಿತಿ ಪ್ರಚಾರಾಧಿಕಾರಿಯ ಸ್ವಂತದ್ದಲ್ಲ. ಅದು ತೆರಿಗೆ ಕೊಟ್ಟವರದು. ಅದನ್ನು ತನಗೆ ಬೇಕಾದವರಿಗೆ ಪ್ರಸಾದದಂತೆ ಹಂಚುವ ಅಧಿಕಾರ ಅವನಿಗಿಲ್ಲ.

ಓದುಗನ ಕಣಜ ಬರಿದಾದರೆ ಏನಾಗುತ್ತದೆ ಎಂಬುದಕ್ಕೆ ನೀರಿನ ವಿಷಯ ನೋಡಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಜಿಲ್ಲೆಯ 126 ಕೆರೆಗಳಿಗೆ ಹರಿಸುವ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಹಬ್ಬದ ವಾತಾವರಣವಿತ್ತು. ಜುಲೈನಲ್ಲಿ ನೊರೆ ಕಂಡಿತು. ವಿಷಯ ಹೈಕೋರ್ಟಿಗೆ ಹೋಯಿತು. ಅಂತರ್ಜಲ ಏರಿತೆಂಬುದೂ ಸುದ್ದಿ, ಎರಡನೇ ಹಂತದ ಸಂಸ್ಕರಣೆ ಸಾಕೇ ಎಂಬುದೂ ಸುದ್ದಿ. ಎರಡನ್ನೂ ಬಲ್ಲ ಓದುಗ ಮಾತ್ರ ತನ್ನ ಬೋರ್‌ವೆಲ್ ನೀರಿನ ಬಗ್ಗೆ ತೀರ್ಮಾನ ಮಾಡಬಲ್ಲ.

ಶ್ರೀನಿವಾಸಪುರದ ಮಾವಿನ ವಿಷಯವೂ ಹೀಗೆಯೇ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಹಣ್ಣಿಗೆ ತಡೆಯೊಡ್ಡಿದಾಗ ಧಾರಣೆ ಕುಸಿದು ಬೆಳೆಗಾರರು ಬೀದಿಗಿಳಿದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿಯ ದರ ನಿಗದಿಪಡಿಸಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. 'ಬೆಳೆಗಾರರಿಗೆ ನೆರವು' ಎಂಬ ಪ್ರಕಟಣೆ ಅಂದೇ ಅಚ್ಚಾಗುತ್ತದೆ. ಹಣ ಯಾರ ಖಾತೆಗೆ ಬಂತು, ಯಾರ ದಾಖಲೆ ತಿರಸ್ಕೃತವಾಯಿತು ಎಂಬುದನ್ನು ಎರಡು ತಿಂಗಳ ನಂತರ ಕೇಳುವವರು ಬೇಕು. ಆ ಪ್ರಶ್ನೆಗೆ ಬೇಸರಿಸದೆ ಕಡತ ತೆಗೆದು ಉತ್ತರಿಸುವ ಅಧಿಕಾರಿಯೂ ಬೇಕು. ಮುಯ್ಯಿ ಎಂದರೆ ಇದು.

ಈ ಆದರ್ಶವನ್ನು ಹೇಳುವಾಗ ತಾಲ್ಲೂಕಿನ ಸುದ್ದಿಗಾರನ ಹೊಟ್ಟೆಪಾಡನ್ನು ಮರೆಯಬಾರದು. ಅನೇಕರಿಗೆ ತಿಂಗಳ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂಬ ಲೆಕ್ಕ. ಜಾಹೀರಾತು ತರುವ ಹೊಣೆಯೂ ಅವರದೇ. ಯಾರ ಬಗ್ಗೆ ಬರೆಯಬೇಕೋ ಅವರ ಬಾಗಿಲಿಗೇ ಹಬ್ಬದ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕು. ಅವರನ್ನು ಆ ಸ್ಥಿತಿಯಲ್ಲಿಟ್ಟು ನೀತಿ ಬೋಧಿಸುವ ಹಕ್ಕು ಮಾಲೀಕರಿಗೆ ಇಲ್ಲ. 2009ರ ಚುನಾವಣೆಯ 'ಕಾಸಿಗಾಗಿ ಸುದ್ದಿ' ಹಗರಣವನ್ನು ಪತ್ರಿಕಾ ಮಂಡಳಿಯ ಉಪಸಮಿತಿ ತನಿಖೆ ಮಾಡಿತು. ಹಣ ಪಡೆದದ್ದು ಬಿಡಿ ವರದಿಗಾರರಷ್ಟೇ ಅಲ್ಲ, ಸಂಸ್ಥೆಗಳೇ ದರಪಟ್ಟಿ ಹಿಡಿದು ನಿಂತಿದ್ದವು ಎಂಬುದು ಅದು ಕಂಡ ಸಂಗತಿ. ಪತ್ರಿಕೆಗಳ ಹೆಸರುಗಳಿದ್ದ ಆ ವರದಿಯನ್ನು ಮಂಡಳಿ 2010ರಲ್ಲಿ ಪೂರ್ತಿಯಾಗಿ ಹೊರಗಿಡಲಿಲ್ಲ. ಕೇಂದ್ರ ಮಾಹಿತಿ ಆಯೋಗದ ಆದೇಶದ ನಂತರ, 2011ರಲ್ಲಿ, ಅದು ಪ್ರಕಟವಾಯಿತು.

2022ರ ದೀಪಾವಳಿಯಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಕೆಲವು ಪತ್ರಕರ್ತರಿಗೆ ಬಂದ ಸಿಹಿಯ ಡಬ್ಬಿಗಳಲ್ಲಿ ಹಣವಿತ್ತೆಂಬ ಆರೋಪ ಬಂದು ಲೋಕಾಯುಕ್ತಕ್ಕೆ ದೂರು ಹೋಯಿತು. ತಾವು ಅಂಥ ಸೂಚನೆ ಕೊಟ್ಟಿಲ್ಲವೆಂದು ಅಂದಿನ ಮುಖ್ಯಮಂತ್ರಿಗಳು ಹೇಳಿದರು. ಡಬ್ಬಿಯನ್ನು ಹಿಂದಿರುಗಿಸಿದ ಪತ್ರಕರ್ತರೂ ಇದ್ದರೆಂಬುದು ಆ ಪ್ರಕರಣದಲ್ಲಿ ನೆನಪಿಡಬೇಕಾದ ಅಂಶ. ದಸರೆಯ ಹಣವನ್ನು ಹಿಂದಿರುಗಿಸಿದ ಪರಂಪರೆ ಪೂರ್ತಿ ಬತ್ತಿಲ್ಲ.

ಇಲ್ಲಿ ಸೇರಿರುವ ಪ್ರಚಾರದ ಮಿತ್ರರು ಮೂರು ಕೆಲಸಗಳನ್ನು ಮಾಡಬಹುದು. ಒಳ್ಳೆಯ ಸುದ್ದಿಗೆ ಫೋನು ಮಾಡುವವರು ಕೆಟ್ಟ ಸುದ್ದಿಯ ದಿನ ಫೋನು ಎತ್ತಬೇಕು. ಗೊತ್ತಿಲ್ಲದ ಅಂಕಿಯನ್ನು ಕೊಡಬಾರದು; ಕೊಟ್ಟ ಅಂಕಿ ತಪ್ಪಾಗಿದ್ದರೆ ಮೊದಲು ತಾವೇ ತಿಳಿಸಬೇಕು. ಟೀಕಿಸಿದವರ ಹೆಸರನ್ನು ಆಹ್ವಾನದ ಪಟ್ಟಿಯಿಂದ ಹೊಡೆಯಬಾರದು. ಪತ್ರಕರ್ತರು ಕೂಡ ಪ್ರಕಟಣೆಯನ್ನು ಓದಿ ನೋಡಬೇಕು. ಹಾಕುವುದಿಲ್ಲವಾದರೆ ನೇರವಾಗಿ ಹೇಳಬೇಕು. ವಿರುದ್ಧ ಬರೆಯುವ ಮುನ್ನ ಎದುರು ಪಕ್ಷದ ಮಾತು ಕೇಳಬೇಕು. ತಪ್ಪಾದರೆ ತಿದ್ದುಪಡಿಯನ್ನು ಅದೇ ಪುಟದಲ್ಲಿ ಹಾಕಬೇಕು. ಇವುಗಳಿಗೆ ಖರ್ಚಿಲ್ಲ, ಅಭ್ಯಾಸ ಬೇಕು ಅಷ್ಟೆ.

ಹೀಗೆ ನಡೆದುಕೊಂಡವರ ನಡುವೆ ಜಗಳಗಳು ಇರುವುದಿಲ್ಲ ಎಂದಲ್ಲ. ಇರಬೇಕು ಕೂಡ. ಜಗಳವಾದ ಮರುದಿನವೂ ಒಬ್ಬರು ಕೇಳಿದರೆ ಇನ್ನೊಬ್ಬರು ನಿಜ ಹೇಳುತ್ತಾರೆ ಎಂಬ ಭರವಸೆ ಉಳಿದರೆ ಸಾಕು. ಆ ಭರವಸೆಯ ಫಲ ಇಬ್ಬರಿಗೂ ಅಲ್ಲ, ಬೆಳಿಗ್ಗೆ ಪತ್ರಿಕೆ ಬಿಡಿಸಿ ಕೆರೆಯ ನೀರಿನ ಬಗ್ಗೆ, ಮಾವಿನ ಧಾರಣೆಯ ಬಗ್ಗೆ, ಮಗನ ಕಾರ್ಖಾನೆಯ ಬಗ್ಗೆ ಓದುವ ಮೂರನೆಯವರಿಗೆ ಸಲ್ಲುತ್ತದೆ.