ಮ್ಯೂಸಿಯಂ ಯಾರದು?

(ಕಲಿಕಾ ಕೇಂದ್ರದ ಅಕ್ಕಂದಿರ ಮುಂದೆ ಆಡಿದ ಮಾತು)



ನಾವೂ ನಿಮ್ಮ ಹಾಗೇ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಹಗಲೆಲ್ಲ ದುಡಿದು, ರಾತ್ರಿ ಸ್ಲೇಟು ಹಿಡಿದವರು. ಇವತ್ತು ನಾವು ಬೆಂಗಳೂರಿನ ಮ್ಯೂಸಿಯಂ ನೋಡಿ ಬಂದ ಕತೆ ಹೇಳುತ್ತೇವೆ. ಕೇಳಿ.

ಮ್ಯೂಸಿಯಂ ಎಂದರೆ ವಸ್ತು ಸಂಗ್ರಹಾಲಯ. ಹಳೆಯ ಕಾಲದ ಕಲ್ಲು, ವಿಗ್ರಹ, ನಾಣ್ಯ, ಮಡಕೆ, ಚಿತ್ರ ಇವನ್ನೆಲ್ಲ ಜೋಪಾನವಾಗಿ ಇಟ್ಟು ಜನರಿಗೆ ತೋರಿಸುವ ಮನೆ. ಕಬ್ಬನ್ ಪಾರ್ಕಿನ ಪಕ್ಕ ಕಸ್ತೂರಬಾ ರಸ್ತೆ ಇದೆ. ಅಲ್ಲಿ ಒಂದು ಕೆಂಪು ಕಟ್ಟಡ. ಅದೇ ಸರ್ಕಾರಿ ವಸ್ತು ಸಂಗ್ರಹಾಲಯ. ನಾವು ಬಸ್ಸಿನಲ್ಲಿ ಅದರ ಮುಂದೆ ಎಷ್ಟೋ ಸಲ ಹೋಗಿದ್ದೆವು. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. "ಅದು ಓದಿದೋರ ಜಾಗ ಕಣವ್ವ, ನಮ್ಮಂಥೋರಿಗಲ್ಲ" ಅಂತಿದ್ದೆವು.

ಒಂದು ದಿನ ನಮ್ಮ ಟೀಚರು, "ಅಕ್ಷರ ಬಂತಲ್ಲ, ಈಗ್ಯಾಕೆ ಭಯ? ಹೋಗೋಣ ನಡೀರಿ" ಎಂದರು. ಹದಿನೈದು ಜನ ಹೊರಟೆವು. ಬಸ್ಸಿನ ಬೋರ್ಡು ನಾವೇ ಓದಿದೆವು. ಟಿಕೆಟ್ಟಿನ ಬೆಲೆ ನಾವೇ ಓದಿ ದುಡ್ಡು ಎಣಿಸಿ ಕೊಟ್ಟೆವು. ಯಾರೂ ನಮ್ಮನ್ನು ತಡೆಯಲಿಲ್ಲ. "ನೀವು ಯಾರು, ಎಷ್ಟು ಓದಿದ್ದೀರಿ" ಎಂದು ಯಾರೂ ಕೇಳಲಿಲ್ಲ.

ಈ ಮ್ಯೂಸಿಯಂ ಶುರುವಾದದ್ದು 1865ರಲ್ಲಿ. ಆಗ ನಮ್ಮ ನಾಡಿನಲ್ಲಿ ಬ್ರಿಟಿಷರ ಆಡಳಿತ ಇತ್ತು. ಎಡ್ವರ್ಡ್ ಬಾಲ್ಫರ್ ಎಂಬ ಡಾಕ್ಟರು ಇದನ್ನು ಶುರು ಮಾಡಿಸಿದರು. ಮೊದಲು ಇದು ಬೇರೆ ಕಡೆ ಇತ್ತು. ಆ ರಸ್ತೆಗೆ ಇವತ್ತಿಗೂ ಮ್ಯೂಸಿಯಂ ರಸ್ತೆ ಎಂದೇ ಹೆಸರು. ಈಗಿನ ಕೆಂಪು ಕಟ್ಟಡ 1877ರದು. ಅದನ್ನು ಕಟ್ಟಿಸಿದ ಎಂಜಿನಿಯರ್ ಹೆಸರು ಸ್ಯಾಂಕಿ. ಸ್ಯಾಂಕಿ ಕೆರೆ ಗೊತ್ತಲ್ಲ? ಅದೇ ಸ್ಯಾಂಕಿ.

ಒಳಗೆ ನಾವು ತುಂಬಾ ಹೊತ್ತು ನಿಂತದ್ದು ಒಂದು ಕಲ್ಲಿನ ಮುಂದೆ. ಅದರ ಮೇಲೆ ಒಂದು ನಾಯಿ, ಒಂದು ಕಾಡುಹಂದಿ ಕೆತ್ತಿದ್ದಾರೆ. ಎರಡೂ ಕಾದಾಡುತ್ತಿವೆ. ಸುತ್ತ ಅಕ್ಷರಗಳು. ನಮ್ಮಲ್ಲಿ ಒಬ್ಬಾಕೆ ಪಕ್ಕದ ಫಲಕದ ಮೇಲೆ ಬೆರಳಾಡಿಸಿ, "ಆ... ತ... ಕೂ... ರು" ಎಂದು ಕೂಡಿಸಿ ಓದಿದಳು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲು ಬಂದದ್ದು ಅಲ್ಲಿಂದ.

ಆದರೆ ಕಲ್ಲಿನ ಮೇಲಿನ ಅಕ್ಷರ ಓದಲು ಆಗಲಿಲ್ಲ. ಟೀಚರನ್ನು ಕೇಳಿದೆವು. ಅವರು ನಕ್ಕು, "ಇದು ಹಳಗನ್ನಡ. ಅಕ್ಷರವೂ ಹಳೆಯದು. ನನಗೂ ಬರೋದಿಲ್ಲ" ಎಂದರು. ಅಯ್ಯೋ, ಟೀಚರಿಗೂ ಬಾರದ ಅಕ್ಷರ ಇದೆಯಾ! ಅವತ್ತು ನಮ್ಮ ನಾಚಿಕೆ ಅರ್ಧ ಕಳೆಯಿತು. ಕಲಿಯುವುದು ಎಲ್ಲರಿಗೂ ಉಳಿದೇ ಇರುತ್ತದೆ.

ಕಲ್ಲಿನ ಕತೆಯನ್ನು ಟೀಚರು ಮೊದಲೇ ಪುಸ್ತಕದಲ್ಲಿ ಓದಿಕೊಂಡು ಬಂದಿದ್ದರು. ಸಾವಿರ ವರ್ಷಕ್ಕೂ ಹಿಂದಿನ ಮಾತು. 949ರಲ್ಲಿ ತಕ್ಕೋಲ ಎಂಬಲ್ಲಿ ದೊಡ್ಡ ಯುದ್ಧ ಆಯಿತು. ಗಂಗರ ದೊರೆ ಬೂತುಗ ಗೆದ್ದ. ಅವನ ಕಡೆಯ ವೀರ ಮಣಲೇರ ಚೆನ್ನಾಗಿ ಹೋರಾಡಿದ್ದ. "ಏನು ಬೇಕು, ಕೇಳು" ಎಂದ ದೊರೆ. ಮಣಲೇರ ಚಿನ್ನ ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿ ಸತ್ತಿತು. ಕಾಳಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ಈ ಕಲ್ಲು ನೆಡಿಸಿದರು.

ಕಲ್ಲು ನೆಟ್ಟು ಕೈ ತೊಳೆದುಕೊಳ್ಳಲಿಲ್ಲ, ನೋಡಿ. ಕಲ್ಲನ್ನು ನೋಡಿಕೊಳ್ಳಲು ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಆ ಗದ್ದೆ ನೋಡಿಕೊಳ್ಳುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಬರುತ್ತದೆ ಎಂದೂ ಕಲ್ಲಿನಲ್ಲೇ ಬರೆಸಿದರು. ಅಂದರೆ ಏನು? ಒಂದು ವಸ್ತು ಉಳಿಯಬೇಕಾದರೆ ದಿನಾ ಅದನ್ನು ನೋಡಿಕೊಳ್ಳುವ ಕೈ ಬೇಕು. ಆ ಕೈಗೆ ಅನ್ನ ಬೇಕು. ಸಾವಿರ ವರ್ಷದ ಹಿಂದೆಯೇ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.

ಈಗ ಆ ಕೆಲಸ ಮ್ಯೂಸಿಯಂ ಮಾಡುತ್ತದೆ. ಅದು ಸುಲಭದ ಕೆಲಸ ಅಲ್ಲ. ಬಂದ ಪ್ರತಿ ವಸ್ತುವಿಗೂ ಒಂದು ನಂಬರು ಕೊಡಬೇಕು. ಏನು, ಎಲ್ಲಿಂದ ಬಂತು, ಯಾವಾಗ ಬಂತು ಎಂದು ದೊಡ್ಡ ಪುಸ್ತಕದಲ್ಲಿ ಬರೆಯಬೇಕು. ಬರೆಯದಿದ್ದರೆ ಕಳೆದು ಹೋದರೂ ಗೊತ್ತಾಗುವುದಿಲ್ಲ. ಬಟ್ಟೆ, ಚಿತ್ರ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತವೆ. ಓಲೆಗರಿಗೆ ಹುಳು ಹಿಡಿಯುತ್ತದೆ. ಮರಕ್ಕೆ ಗೆದ್ದಲು. ಕಬ್ಬಿಣಕ್ಕೆ ತುಕ್ಕು. ನಾವು ರೇಷ್ಮೆ ಸೀರೆಯನ್ನು ಟ್ರಂಕಿನಲ್ಲಿ ಹೇಗೆ ಜೋಪಾನ ಮಾಡುತ್ತೇವೋ ಹಾಗೆ ಮಾಡಬೇಕು. ಆದರೆ ನಾವು ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತೇವಲ್ಲ, ಹಳೆಯ ವಿಗ್ರಹಕ್ಕೆ ಹಾಗೆ ಮಾಡಬಾರದು. ಹುಳಿ ಅದನ್ನು ತಿನ್ನುತ್ತದೆ. ಮುಟ್ಟಲೂಬಾರದು. ಕೈ ಬೆವರು ನಿಧಾನವಾಗಿ ಕೆಡಿಸುತ್ತದೆ. ಅದಕ್ಕೇ "ಮುಟ್ಟಬೇಡಿ" ಎಂದು ಬರೆದಿರುತ್ತಾರೆ. ಅದು ನಮ್ಮನ್ನು ದೂರ ಇಡುವ ಮಾತಲ್ಲ, ವಸ್ತುವನ್ನು ಕಾಯುವ ಮಾತು.

ನಮ್ಮಲ್ಲಿ ಒಬ್ಬಾಕೆ ಒಂದು ಆಫೀಸಿನಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದಾಳೆ. ಅವಳು ಸುಮ್ಮನೆ ನೆಲ ನೋಡುತ್ತಿದ್ದಳು. "ಇಷ್ಟು ದೊಡ್ಡ ಹಾಲು ದಿನಾ ಯಾರೋ ಗುಡಿಸ್ತಾರಲ್ಲವ್ವ" ಎಂದಳು. ಹೌದು. ವಿದ್ವಾಂಸರು ಬೇಕು, ಕಾವಲುಗಾರ ಬೇಕು, ಗುಡಿಸುವ ತಾಯಿಯೂ ಬೇಕು. ಒಬ್ಬರು ಕೈಬಿಟ್ಟರೂ ಧೂಳು ಗೆಲ್ಲುತ್ತದೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಈ ಮ್ಯೂಸಿಯಂ ರಾಜ್ಯ ಸರ್ಕಾರದ್ದು. ಅದೇ ರಸ್ತೆಯಲ್ಲಿ ಯಂತ್ರಗಳನ್ನು ತೋರಿಸುವ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಅದು ಕೇಂದ್ರ ಸರ್ಕಾರದ ಕಡೆಯದು. ಸರ್ಕಾರಕ್ಕೆ ದುಡ್ಡು ನಮ್ಮಿಂದ. ನಾವು ಒಂದು ಸೋಪು ಕೊಂಡರೂ ತೆರಿಗೆ ಕೊಡುತ್ತೇವೆ. ಅಂದ ಮೇಲೆ ಅಲ್ಲಿ ನಾವು ನೆಂಟರಲ್ಲ, ಮನೆಯವರು. ಮನೆಯವರು ಕೇಳಬಹುದು. ಯಾವ ಊರಿನ ಮ್ಯೂಸಿಯಂ ಆದರೂ ಸರಿ, ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಬೇಕು. ಕುಡಿಯುವ ನೀರು ಬೇಕು. ಹೆಂಗಸರಿಗೆ ಶೌಚಾಲಯ ಬೇಕು. ವಯಸ್ಸಾದವರಿಗೆ ಕೂರಲು ಬೆಂಚು ಬೇಕು. ಇಲ್ಲದಿದ್ದರೆ ಅರ್ಜಿ ಬರೆಯೋಣ. ಬರೆಯಲು ಈಗ ಬರುತ್ತದಲ್ಲ!

ಮ್ಯೂಸಿಯಂ ಎಂದರೆ ರಾಜರ ವಸ್ತು ಮಾತ್ರ ಅಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಹಳ್ಳಿಯವರು ಬಳಸಿದ ವಸ್ತುಗಳನ್ನು ಅಲ್ಲಿ ಕೂಡಿಸಿಟ್ಟಿದ್ದಾರೆ. ನಮ್ಮ ಅಜ್ಜಿ ಹಿಡಿದ ಬೀಸುಕಲ್ಲಿನ ಗೂಟಕ್ಕೂ ಚರಿತ್ರೆ ಇದೆ. ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚನೆ ಮಾಡಿ. ಪಾಯ ತೋಡುವಾಗ ಹಳೆಯ ನಾಣ್ಯ, ವಿಗ್ರಹ ಸಿಕ್ಕರೆ ಬಚ್ಚಿಡಬೇಡಿ, ಮಾರಬೇಡಿ. ಸರ್ಕಾರಕ್ಕೆ ತಿಳಿಸಬೇಕು ಎಂದು ಕಾನೂನೇ ಇದೆ. ಬರಹ ಇರುವ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಳ್ಳಬೇಡಿ. ಅದು ಯಾರದೋ ಮಾತು. ಒರೆಸಿ ಹೋದರೆ ಮತ್ತೆ ಬಾರದು.

ಹೊರಡುವಾಗ ಅಭಿಪ್ರಾಯ ಬರೆಯುವ ಪುಸ್ತಕ ಕೊಟ್ಟರು. ನಮ್ಮ ಪೈಕಿ ಎಲ್ಲರಿಗಿಂತ ಹಿರಿಯಾಕೆ ಪೆನ್ನು ಹಿಡಿದಳು. "ಕಾಳಿ ಕಲ್ಲು ನೋಡಿದೆ. ಮೊಮ್ಮಗಳನ್ನು ಕರಕೊಂಡು ಬರುತೇನೆ" ಎಂದು ಬರೆದಳು. ಮೊದಲೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದವಳು ಕೆಳಗೆ ತನ್ನ ಹೆಸರು ಬರೆದಳು.

ಅಕ್ಕಂದಿರೇ, ನೋಡುವವರು ಇಲ್ಲದಿದ್ದರೆ ಕಲ್ಲು ಬರೀ ಕಲ್ಲು. ನೀವೂ ಹೋಗಿ. ರಜೆ ಯಾವತ್ತು ಎಂದು ಮೊದಲೇ ಕೇಳಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಫಲಕವನ್ನು ನೀವೇ ಓದಿ ಅವರಿಗೆ ಹೇಳಿ. ಬಾಗಿಲಲ್ಲಿ ಅಂಜಿಕೆ ಆದರೆ ಒಂದು ಮಾತು ನೆನಪಿಡಿ: ಮ್ಯೂಸಿಯಂ ಯಾರದು? ನಮ್ಮದು.