ವಾರ್ಡಿನಲ್ಲಿ ಬದಲಾಗುವ ಪ್ರಶ್ನೆ



ನರ್ಸಿಂಗ್ ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಕೆಲವು ಮನೆಗಳಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ, ‘ನಮ್ಮ ಹುಡುಗಿ ನರ್ಸ್ ಆಗ್ತಾಳೆ’ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡ ಅಮ್ಮ, ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದ ಮಗಳು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲವೂ ಒಟ್ಟಿಗೆ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಬರವಣಿಗೆಯಲ್ಲಿ ನೂರಕ್ಕೆ 50 ಬರಬೇಕು, ಪ್ರಾಯೋಗಿಕದಲ್ಲೂ 50 ಬರಬೇಕು. ಒಂದರಲ್ಲಿ ಹೆಚ್ಚಾದದ್ದು ಇನ್ನೊಂದರ ಕೊರತೆ ತುಂಬುವುದಿಲ್ಲ. ಎಷ್ಟೋ ಮಕ್ಕಳು ಇಲ್ಲಿ ಎಡವುತ್ತಾರೆ. ಎಡವಿದ ನೋವಿಗಿಂತ, ನಾಲ್ಕು ಜನ ಕೇಳಿದರೆ ಏನು ಹೇಳುವುದು ಎಂಬ ಅಳುಕೇ ಅವರನ್ನು ಹೆಚ್ಚು ಹಣ್ಣು ಮಾಡುತ್ತದೆ.

ಮುಂದಿನ ಪರೀಕ್ಷೆ ಬರುವವರೆಗೆ ತಿಂಗಳುಗಳು ಉಳಿದಿರುತ್ತವೆ. ಕೆಲವರು ಆ ತಿಂಗಳುಗಳನ್ನು ಕೋಣೆಯ ಬಾಗಿಲು ಹಾಕಿಕೊಂಡು ಕಳೆಯುತ್ತಾರೆ. ಇನ್ನು ಕೆಲವರು ಧೈರ್ಯ ಮಾಡಿ ಹತ್ತಿರದ ಆಸ್ಪತ್ರೆಗೋ ನರ್ಸಿಂಗ್ ಹೋಮಿಗೋ ಹೋಗಿ, ‘ನನಗೆ ಏನಾದರೂ ಕೆಲಸ ಕೊಡಿ’ ಎಂದು ಕೇಳುತ್ತಾರೆ. ಸಿಗುವುದು ನರ್ಸಿನ ಕೆಲಸವಲ್ಲ, ವಾರ್ಡ್ ಸಹಾಯಕಿಯ ಕೆಲಸ. ಹಾಸಿಗೆ ಬದಲಿಸುವುದು, ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು, ಗಾಲಿಕುರ್ಚಿ ತಳ್ಳಿಕೊಂಡು ಎಕ್ಸ್‌ರೇ ಕೋಣೆಗೆ ಹೋಗಿ ಬರುವುದು. ಊರಿನಲ್ಲಿ ಮಾತು ಹುಟ್ಟುತ್ತದೆ: ‘ನರ್ಸ್ ಆಗ್ತೀನಿ ಅಂತ ಹೋದವಳು ಆಯಮ್ಮನ ಕೆಲಸ ಮಾಡ್ತಿದಾಳಂತೆ.’ ಆ ಮಾತನ್ನು ನುಂಗಿಕೊಂಡು ಬೆಳಗ್ಗೆ ಡ್ಯೂಟಿಗೆ ಹೊರಡುವ ಮಕ್ಕಳ ಬಗ್ಗೆ ಇವತ್ತು ನಿಮ್ಮೊಂದಿಗೆ ಮಾತನಾಡಬೇಕೆನಿಸಿತು.

ವಾರ್ಡಿನಲ್ಲಿ ಅವರು ಏನು ಕಲಿಯುತ್ತಾರೆ? ಒಂದು ಸಣ್ಣ ಕೆಲಸವನ್ನು ನೋಡೋಣ. ರೋಗಿಯ ಉಸಿರು ಎಣಿಸುವುದು. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಸಹಜ ಎಂದು ಪುಸ್ತಕದಲ್ಲಿದೆ. ಆದರೆ ಯಾರೋ ತನ್ನ ಉಸಿರನ್ನು ಎಣಿಸುತ್ತಿದ್ದಾರೆಂದು ತಿಳಿದರೆ ಮನುಷ್ಯನ ಉಸಿರಾಟವೇ ಬದಲಾಗಿಬಿಡುತ್ತದೆ. ಅದಕ್ಕೇ ನುರಿತ ಸಿಸ್ಟರ್, ನಾಡಿ ಎಣಿಸಿ ಮುಗಿದ ಮೇಲೂ ರೋಗಿಯ ಕೈ ಬಿಡುವುದಿಲ್ಲ. ಬೆರಳು ಮಣಿಕಟ್ಟಿನ ಮೇಲೇ ಇರುತ್ತದೆ, ಕಣ್ಣು ಮಾತ್ರ ಎದೆಯ ಮೇಲೆ ಏರಿ ಇಳಿಯುವ ಹೊದಿಕೆಯ ಕಡೆ ಹೊರಳುತ್ತದೆ. ಹಾಗೆ ಪೂರ್ತಿ ಒಂದು ನಿಮಿಷ. ಇದೂ ಪಠ್ಯದಲ್ಲಿ ಎರಡು ಸಾಲಿನಲ್ಲಿ ಇರುವುದೇ. ಆದರೆ ಓದಿದವರಿಗೆ ಅದು ಬರೀ ಓದು. ಪಕ್ಕದಲ್ಲಿ ನಿಂತು ನೋಡಿದವರಿಗೆ, ರೋಗಿಯ ನೆಮ್ಮದಿ ಕೆಡಿಸದೆ ಅವನ ಸ್ಥಿತಿ ಅರಿಯುವ ಒಂದು ಮರ್ಯಾದೆ.

ಇನ್ನೊಂದು ಕೆಲಸ, ಮಗ್ಗುಲು ಬದಲಿಸುವುದು. ಲಕ್ವ ಹೊಡೆದು ಮಲಗಿದ ಅಜ್ಜಿ ತಾನಾಗಿ ಹೊರಳಲಾರಳು. ಎರಡು ಗಂಟೆಗೊಮ್ಮೆಯಾದರೂ ಅವಳನ್ನು ಹೊರಳಿಸದಿದ್ದರೆ, ಸೊಂಟದ ಹಿಂದಿನ ಮೂಳೆ, ಹಿಮ್ಮಡಿ, ಭುಜ ಹೀಗೆ ಭಾರ ಬೀಳುವ ಕಡೆಯಲ್ಲೆಲ್ಲ ರಕ್ತ ಓಡಾಡದೆ ಚರ್ಮ ಸಾಯತೊಡಗುತ್ತದೆ. ಅದೇ ಹಾಸಿಗೆ ಹುಣ್ಣು. ಆ ಜಾಗದ ಬಣ್ಣ ಬದಲಾಗಿದೆಯೇ, ಬೆರಳಿನಿಂದ ಒತ್ತಿದಾಗಲೂ ಹಾಗೇ ಉಳಿಯುತ್ತದೆಯೇ ಎಂದು ಮೊದಲು ಕಾಣುವುದು ಯಾರಿಗೆ? ರೌಂಡ್ಸಿಗೆ ಬಂದು ಹೋಗುವ ಡಾಕ್ಟರಿಗಿಂತ ಮುಂಚೆ, ಬೆಳಗ್ಗೆ ಮೈ ಒರೆಸುವ ಹುಡುಗಿಗೆ. ಅವಳು ಕಂಡದ್ದನ್ನು ಆಗಲೇ ಸಿಸ್ಟರಿಗೆ ಹೇಳಿದರೆ ಒಂದು ದೊಡ್ಡ ಗಾಯ ತಪ್ಪುತ್ತದೆ. ಹಾಸಿಗೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹಾಸುವುದರ ಹಿಂದೆಯೂ ಇದೇ ಕಾರಣವಿದೆ. ಅಲ್ಲಿಯವರೆಗೆ ಚರ್ಮದ ಪದರಗಳ ಹೆಸರನ್ನು ಉರು ಹೊಡೆದು ಮರೆಯುತ್ತಿದ್ದವಳಿಗೆ, ಅಜ್ಜಿಯ ಬೆನ್ನನ್ನು ಕಂಡ ಮೇಲೆ ಅನಾಟಮಿ ಪುಸ್ತಕದ ಆ ಪುಟ ಮತ್ತೆ ಮರೆಯುವುದಿಲ್ಲ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಮನಸ್ಸಿನೊಳಗೆ ಆಗುವ ಒಂದು ತಿರುವು. ಫೇಲಾದ ದಿನ ಹುಡುಗಿಯ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇನ್ನು ನನ್ನ ಗತಿ ಏನು? ಆ ಪ್ರಶ್ನೆ ಸಹಜವೇ, ತಪ್ಪೇನಿಲ್ಲ. ಆದರೆ ಅದು ಮನುಷ್ಯನನ್ನು ತನ್ನೊಳಗೇ ಸುತ್ತಿಸುತ್ತದೆ. ವಾರ್ಡಿಗೆ ಕಾಲಿಟ್ಟ ಮೇಲೆ ಬೇರೆ ಪ್ರಶ್ನೆ ಎದುರಾಗುತ್ತದೆ: ಈ ಅಜ್ಜಿಗೆ ಈಗ ಏನು ಬೇಕು? ಬಾಯಿ ಒಣಗಿದೆ, ನೀರು ಕೊಡಬಹುದೇ, ಇಲ್ಲವೇ ಆಪರೇಷನ್ ಇದೆಯೆಂದು ಕೊಡಬಾರದೇ? ನಿನ್ನೆಗಿಂತ ಇವತ್ತು ಮಂಕಾಗಿದ್ದಾಳೆ, ಯಾಕೆ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದಾಗ ಅವಳು ಮೊದಲ ಬಾರಿಗೆ ಅಂಕಕ್ಕಾಗಿಯಲ್ಲ, ಅಜ್ಜಿಗಾಗಿ ಪುಸ್ತಕ ತೆರೆಯುತ್ತಾಳೆ. ಆಗ ಪರೀಕ್ಷೆ ಎಂಬುದು ಅವಮಾನ ಮಾಡಿದ ಶತ್ರುವಾಗಿ ಕಾಣುವುದಿಲ್ಲ. ರೋಗಿಯ ಪರವಾಗಿ ಕೇಳಲಾದ ಪ್ರಶ್ನೆಯಾಗಿ ಕಾಣುತ್ತದೆ. ತನ್ನ ಪ್ರಾಣವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವವನಿಗೆ, ಆ ಕೈಗೆ ತಿಳಿವಳಿಕೆ ಇದೆಯೇ ಎಂದು ಕೇಳುವ ಹಕ್ಕಿದೆಯಲ್ಲವೇ?

ಅದಕ್ಕೇ ಈ ದಾರಿಯಲ್ಲಿ ಒಂದು ಎಚ್ಚರವೂ ಬೇಕು. ಕೋರ್ಸು ಮುಗಿಸಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ನರ್ಸ್. ಕೆಲವು ಕಡೆ, ‘ಹೇಗೂ ನರ್ಸಿಂಗ್ ಓದಿದ್ದೀಯಲ್ಲ, ಈ ಇಂಜೆಕ್ಷನ್ ಕೊಟ್ಟುಬಿಡು’ ಎನ್ನುವವರಿದ್ದಾರೆ. ಸೋತ ಮನಸ್ಸಿಗೆ ಆ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ಯಾರೋ ತನ್ನನ್ನು ನಂಬಿದರು ಎನಿಸುತ್ತದೆ. ಅಲ್ಲಿಯೇ ಗಟ್ಟಿಯಾಗಿ ನಿಲ್ಲಬೇಕು. ‘ಇದು ನನ್ನ ಕೆಲಸ ಅಲ್ಲ, ಸಿಸ್ಟರನ್ನು ಕರೆಯುತ್ತೇನೆ’ ಎಂದು ಹೇಳಬಲ್ಲ ಹುಡುಗಿ, ಒಳ್ಳೆಯ ನರ್ಸಿಗೆ ಇರಬೇಕಾದ ಮೊದಲ ಗುಣವನ್ನು ಆಗಲೇ ಗಳಿಸಿದ್ದಾಳೆ. ತನಗೆ ಎಷ್ಟು ಗೊತ್ತು ಎಂಬ ಅರಿವಿನಷ್ಟೇ, ಎಷ್ಟು ಗೊತ್ತಿಲ್ಲ ಎಂಬ ಅರಿವೂ ರೋಗಿಯನ್ನು ಕಾಯುತ್ತದೆ.

ಶುಶ್ರೂಷೆಯ ಚರಿತ್ರೆಯಲ್ಲಿ ಬಾಗಿಲು ಮುಚ್ಚಿಸಿಕೊಂಡೂ ರೋಗಿಯ ಬಳಿಗೆ ಹೋದವರಿದ್ದಾರೆ. ಮೇರಿ ಸೀಕೋಲ್ ಎಂಬಾಕೆ ಹುಟ್ಟಿದ್ದು 1805ರಲ್ಲಿ, ಜಮೈಕಾ ದ್ವೀಪದ ಕಿಂಗ್‌ಸ್ಟನ್ನಿನಲ್ಲಿ. ತಾಯಿ ನಾಟಿ ಔಷಧ ಬಲ್ಲವಳು. ಮಗಳು ಬಾಲ್ಯದಲ್ಲಿ ಗೊಂಬೆಗೂ ನಾಯಿ ಬೆಕ್ಕುಗಳಿಗೂ ಮದ್ದು ಮಾಡುತ್ತ, ತಾಯಿಯ ಕೈಕೆಳಗೆ ಶುಶ್ರೂಷೆ ಕಲಿತಳು. 1850ರಲ್ಲಿ ಜಮೈಕಾದಲ್ಲಿ, ಮರುವರ್ಷ ಪನಾಮಾದಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ನಡುವೆಯೇ ಇದ್ದಳು. ಕ್ರಿಮಿಯಾ ಯುದ್ಧದ ಸುದ್ದಿ ಕೇಳಿ 1854ರಲ್ಲಿ ಲಂಡನ್ನಿಗೆ ಬಂದು, ಗಾಯಾಳು ಸೈನಿಕರ ಆರೈಕೆಗೆ ನನ್ನನ್ನೂ ಕಳಿಸಿ ಎಂದು ಕಚೇರಿಯಿಂದ ಕಚೇರಿಗೆ ಅಲೆದಳು. ಎಲ್ಲೆಡೆಯೂ ಇಲ್ಲ ಎಂಬ ಉತ್ತರವೇ ಬಂತು. ತನ್ನ ಮೈಬಣ್ಣವೇ ಕಾರಣವಿರಬಹುದೇ ಎಂದು ನೊಂದು, ಬೀದಿಯಲ್ಲಿ ನಿಂತು ಅತ್ತದ್ದನ್ನು ಆಕೆ 1857ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಅತ್ತು ಮುಗಿಸಿದ ಮೇಲೆ ಸ್ವಂತ ಖರ್ಚಿನಲ್ಲಿ ಹೊರಟಳು. 1855ರಲ್ಲಿ ಯುದ್ಧಭೂಮಿಗೆ ಹತ್ತಿರದ ಬಾಲಕ್ಲಾವಾದ ಬಳಿ ಸೈನಿಕರಿಗಾಗಿ ಒಂದು ಆಶ್ರಯ ಕಟ್ಟಿ, ಅಲ್ಲಿ ಊಟವನ್ನೂ ಔಷಧವನ್ನೂ ಕೊಟ್ಟಳು.

ಅದೇ ಯುದ್ಧದಲ್ಲಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ನರ್ಸಿಂಗ್ ಶಾಲೆಯನ್ನು ತೆರೆದರು. ಅನುಭವ ಒಂದೇ ಸಾಲದು, ಕ್ರಮಬದ್ಧವಾದ ಕಲಿಕೆ ಬೇಕು ಎಂಬುದನ್ನು ಆ ಶಾಲೆ ಜಗತ್ತಿಗೆ ಕಲಿಸಿತು. ಶುಶ್ರೂಷೆಯ ಕುರಿತು ಅವರು ಬರೆದ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಆ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲೇ ಇವತ್ತು ಮೇರಿ ಸೀಕೋಲಳ ಪ್ರತಿಮೆ ನಿಂತಿದೆ. 2016ರಲ್ಲಿ ಅದನ್ನು ಸ್ಥಾಪಿಸಿದರು. ಇಬ್ಬರನ್ನೂ ಒಟ್ಟಿಗೆ ನೆನೆದರೆ ನಮ್ಮ ಮಕ್ಕಳಿಗೆ ಬೇಕಾದ ಮಾತು ಸಿಗುತ್ತದೆ: ಬಾಗಿಲು ಮುಚ್ಚಿತೆಂದು ರೋಗಿಯಿಂದ ದೂರವಾಗಬೇಡ, ರೋಗಿಯ ಹತ್ತಿರವಿದ್ದೇನೆಂದು ಓದನ್ನು ಬಿಡಬೇಡ.

ಈ ಎರಡನೆಯ ಮಾತನ್ನು ಒತ್ತಿ ಹೇಳಬೇಕು. ಕೈಗೆ ಸಂಬಳ ಬರತೊಡಗಿದಾಗ, ವಾರ್ಡಿನವರೆಲ್ಲ ಮನೆಯವರಂತೆ ಆದಾಗ, ಇನ್ನು ಪರೀಕ್ಷೆಯ ಗೊಡವೆ ಏಕೆ ಎನಿಸಬಹುದು. ವಾರ್ಡ್ ಸಹಾಯಕಿಯ ಕೆಲಸ ಗೌರವದ ಕೆಲಸವೇ. ಅದನ್ನೇ ಬದುಕಾಗಿಸಿಕೊಂಡ ಎಷ್ಟೋ ಆಯಮ್ಮಂದಿರ ಕೈಯಿಂದ ಹೊಸ ನರ್ಸುಗಳು ಕಲಿತದ್ದುಂಟು. ಆದರೆ ನರ್ಸ್ ಆಗಬೇಕೆಂದು ಹೊರಟವಳು ಭಯದಿಂದ ನಡುದಾರಿಯಲ್ಲಿ ನಿಲ್ಲಬಾರದು. ಡ್ಯೂಟಿ ಮುಗಿಸಿ ಬಂದ ರಾತ್ರಿ ಒಂದು ಗಂಟೆಯಾದರೂ, ಅಂದು ಕಂಡ ಕಾಯಿಲೆಯ ಪಾಠವನ್ನು ಓದಿದರೆ ಸಾಕು, ಕಂಡದ್ದು ಮತ್ತು ಓದಿದ್ದು ಒಂದಕ್ಕೊಂದು ಬೆಸೆಯುತ್ತವೆ. ಇಂಗ್ಲಿಷಿನ ಕಠಿಣ ಪದವೂ, ಅದರ ಪಕ್ಕದಲ್ಲಿ ಒಬ್ಬ ರೋಗಿಯ ಮುಖ ನೆನಪಾದರೆ, ಹಿಡಿತಕ್ಕೆ ಬರುತ್ತದೆ.

ಆಸ್ಪತ್ರೆಯ ಹಿರಿಯ ಸಿಸ್ಟರುಗಳಲ್ಲಿ ಒಂದು ವಿನಂತಿ. ಇಂಥ ಮಕ್ಕಳು ನಿಮ್ಮ ವಾರ್ಡಿಗೆ ಬಂದರೆ, ಕೆಲಸ ಹೇಳುವಾಗ ಅದರ ಕಾರಣವನ್ನೂ ಒಂದು ಮಾತಿನಲ್ಲಿ ಹೇಳಿ. ‘ಮೂತ್ರ ಅಳೆದು ಬರೆದಿಡು’ ಎನ್ನುವಾಗ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ ಎಂದು ಸೇರಿಸಿ. ನಿಮಗೆ ಅರ್ಧ ನಿಮಿಷದ ಮಾತು. ಅವಳಿಗೆ ಕೈತಪ್ಪಿದ ತರಗತಿ ಮರಳಿ ಸಿಕ್ಕಂತೆ.

ಹೆತ್ತವರಿಗೂ ಒಂದು ಮಾತು. ಫೇಲಾದ ಮಗಳೋ ಮಗನೋ ಆಸ್ಪತ್ರೆಯಿಂದ ದಣಿದು ಬಂದಾಗ, ಅಂಕಗಳ ಹಳೆಯ ಲೆಕ್ಕ ತೆಗೆಯಬೇಡಿ. ಇವತ್ತು ವಾರ್ಡಿನಲ್ಲಿ ಯಾರನ್ನು ನೋಡಿಕೊಂಡೆ, ಏನು ಕಲಿತೆ ಎಂದು ಕೇಳಿ. ಪೂರ್ತಿ ಹೇಳಲು ಬಿಡಿ. ಆಮೇಲೆ, ಸಪ್ಲಿಮೆಂಟರಿ ಪರೀಕ್ಷೆಗೆ ಫೀಸು ಕಟ್ಟಲು ಕೊನೆಯ ದಿನ ಯಾವಾಗ ಎಂಬುದನ್ನೂ ಮರೆಯದೆ ಕೇಳಿ. ಆ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಮನೆಯಿದ್ದರೆ, ಎಡವಿದ ಮಗು ಎದ್ದು ನಡೆಯುತ್ತದೆ.